ಅತ್ತೆಯ ಹೆಸರಿನ ರಕ್ತ

ನಾನು ಪದವಿ ಮುಗಿಸುವುದು ಆಗದ ಮಾತು ಎಂದು ಮೊದಲು ಹೇಳಿದವರು ನಮ್ಮ ಎಸ್ಟೇಟಿನ ರೈಟರ್. ಬೆಳಿಗ್ಗೆ ಕೂಲಿಯವರನ್ನು ಆಫೀಸಿನ ಮುಂದೆ ಸಾಲಾಗಿ ನಿಲ್ಲಿಸಿ, ಹೆಸರು ಕೂಗಿ, ಮಸ್ಟರ್ ಪುಸ್ತಕದಲ್ಲಿ ಹಾಜರಿ ಹಾಕುವ ಗುಮಾಸ್ತರಿಗೆ ನಮ್ಮ ಕಡೆ ರೈಟರ್ ಎನ್ನುತ್ತಾರೆ. ನಾನು ಬೇಲೂರಿಗೆ ಪಿಯುಸಿ ಸೈನ್ಸ್ ಸೇರಿದ ವಾರ ಬಿಕ್ಕೋಡಿನ ಬಸ್ ಸ್ಟಾಪಿನಲ್ಲಿ ಸಿಕ್ಕರು.

"ಏನಮ್ಮೀ, ಸೈನ್ಸಂತೆ? ಓದು, ಓದು. ಇನ್ನೆರಡು ವರ್ಷಕ್ಕೆ ಇದೇ ಪುಸ್ತಕದಲ್ಲಿ ನಿನ್ನ ಹೆಸರು ಕೂಗ್ತೀನಿ. ಆಗ ಇಂಗ್ಲಿಷಲ್ಲೇ ಪ್ರೆಸೆಂಟ್ ಸಾರ್ ಅನ್ನು."

ಬಸ್ಸಿಗೆ ಕಾಯುತ್ತಿದ್ದವರೆಲ್ಲ ನಕ್ಕರು. ನಾನೂ ನಕ್ಕೆ. ಮನೆಗೆ ಬಂದು ಅತ್ತೆಗೆ ಹೇಳುವಾಗ ಮಾತ್ರ ಅಳು ಬಂತು. ಅತ್ತೆ ಎಂದರೆ ನನ್ನ ತಂದೆಯ ಅಕ್ಕ. ತಂದೆ ತಾಯಿ ಇಬ್ಬರೂ ಬೇಗ ತೀರಿಕೊಂಡಿದ್ದರಿಂದ ಎಸ್ಟೇಟಿನ ಕೂಲಿಯವರಿಗೆಂದು ಸಾಲಾಗಿ ಕಟ್ಟಿದ ಲೈನ್ ಮನೆಯ ಒಂದೇ ಕೋಣೆಯಲ್ಲಿ ತನ್ನ ಮಗಳ ಜತೆಗೆ ನನ್ನನ್ನೂ ಸಾಕಿದವಳು. ಒಲೆ ಊದುತ್ತಲೇ, "ಅವ್ನು ಹೆಸ್ರು ಕೂಗೋನು. ನೀನು ಹೆಸ್ರು ಬರ್ಯೋಳಾಗು" ಅಂದಳು.

ಆದೆ. ಅರಸೀಕೆರೆಯಲ್ಲಿ ಹಾಸ್ಟೆಲಿನಲ್ಲಿದ್ದು ಬಿ.ಎಸ್ಸಿ. ಮಾಡಿದೆ. ಬಾಣಾವರದಿಂದ ರೈಲಿನಲ್ಲಿ ಬರುತ್ತಿದ್ದ ಗೆಳತಿಯ ಪುಸ್ತಕ ಇಸಿದುಕೊಂಡು, ಅವಳು ವಾಪಸು ಹೋಗುವ ರೈಲಿನ ಹೊತ್ತಿಗೆ ಪುಟ ಮುಗಿಸಿ ಕೊಡುತ್ತಿದ್ದೆ. ಆಮೇಲೆ ಸಾರ್ವಜನಿಕ ಆರೋಗ್ಯದಲ್ಲಿ ಸ್ನಾತಕೋತ್ತರ ಪದವಿಗೆ ಸೀಟು ಸಿಕ್ಕಿತು. ನಮ್ಮ ಲೈನಿನಲ್ಲಿ ಪದವಿ ಪಡೆದವರಲ್ಲಿ ಮೊದಲಿಗಳು ನಾನು. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಯಾರೂ ತಟ್ಟೆಯಲ್ಲಿಟ್ಟು ಕೊಟ್ಟದ್ದಲ್ಲ.

ಅಲ್ಲಿ ನಮಗೆ ಪಾಠ ಮಾಡುತ್ತಿದ್ದ ಮೇಡಂ ಒಬ್ಬರು ಒಂದು ದಿನ ಮೂತ್ರಪಿಂಡದ ಬಗ್ಗೆ ಹೇಳುತ್ತಿದ್ದರು. ಸಕ್ಕರೆ ಕಾಯಿಲೆ ಇಲ್ಲದ, ಬಿ.ಪಿ. ಇಲ್ಲದ ಹೊಲಗೆಲಸದವರಲ್ಲೂ ಕಿಡ್ನಿ ಕೆಡುತ್ತಿರುವುದು ಈಚೆಗೆ ಬೇರೆ ಬೇರೆ ಕಡೆ ಕಂಡುಬಂದಿದೆ, ಬಿಸಿಲೋ, ನೀರೋ, ಔಷಧಿಯೋ, ಕಾರಣ ಇನ್ನೂ ಗಟ್ಟಿಯಾಗಿ ಗೊತ್ತಿಲ್ಲ ಎಂದರು. ನಾನು ಎದ್ದು ನಿಂತೆ. ನಮ್ಮ ತೋಟದಲ್ಲಿ ಹೆಂಗಸರು ಬೆಳಿಗ್ಗೆಯಿಂದ ಸಂಜೆವರೆಗೆ ನೀರು ಕುಡಿಯುವುದಿಲ್ಲ ಮೇಡಂ, ಅಂದೆ. ಕುಡಿದರೆ ಹೋಗಬೇಕು, ಹೋಗಲು ಜಾಗವಿಲ್ಲ, ಗಿಡದ ಸಾಲಿನ ಕೊನೆಯಲ್ಲಿ ಮೇಸ್ತ್ರಿ ನಿಂತಿರುತ್ತಾನೆ. ಮೇಲೆ ಮೈಕೈ ನೋವಿಗೆ ಅಂಗಡಿಯಿಂದ ದಿನಾ ಮಾತ್ರೆ ನುಂಗುತ್ತಾರೆ. ಮೇಡಂ ಸೀಮೆಸುಣ್ಣ ಕೆಳಗಿಟ್ಟು, "ಇನ್ನೊಂದ್ಸಲ ಹೇಳು" ಅಂದರು.

ನಮ್ಮ ಕೆಲಸ ಹುಟ್ಟಿದ್ದು ಹಾಗೆ. ಬಿಕ್ಕೋಡಿನ ಸುತ್ತ ಎಸ್ಟೇಟಿನವರು, ಹಳೇಬೀಡಿನ ಕೆರೆ ಕೆಳಗಿನ ಹೊಲದವರು, ಅರಸೀಕೆರೆಯ ತೆಂಗಿನ ತೋಟದವರು, ಇಷ್ಟು ಜನರ ರಕ್ತ ಪರೀಕ್ಷೆ ಮಾಡುವುದು; ಯಾರ ಕಿಡ್ನಿ ಹೇಗಿದೆ ನೋಡುವುದು. ಯೋಜನೆ ಮೇಡಂ ಅವರದು, ಅದರ ಒಂದು ಭಾಗ ನನ್ನ ಪ್ರಬಂಧ. ಅವರು ಒಂದು ಸಲ ನಮ್ಮ ಲೈನಿಗೂ ಬಂದರು. ಚಾಪೆಯ ಮೇಲೆ ಕೂತು ಮುದ್ದೆ ಉಂಡರು. ಅತ್ತೆಯ ಕೈ ಹಿಡಿದುಕೊಂಡು, "ನಾನೂ ನಿಮ್ಮ ಹುಡುಗಿ ಥರಾನೇ ಬಂದೋಳಮ್ಮ. ನಮ್ಮಪ್ಪನೂ ಹೆಬ್ಬೆಟ್ಟೇ" ಅಂದರು. ಅವರು ಹೋದ ಮೇಲೆ ಅತ್ತೆ, "ಮುದ್ದೆ ಅಗೀದೇನೆ ನುಂಗ್ತು ಕಣೇ, ನಮ್ಮೋಳೇ" ಎಂದು ತೀರ್ಪು ಕೊಟ್ಟಳು. ನಾನು ಆ ತೀರ್ಪನ್ನು ನಂಬಿದೆ.

ಹೆಸರುಗಳ ಪಟ್ಟಿ ಬೇಕಿತ್ತು. ರೈಟರ್ ಹತ್ತಿರ ಹೋದೆ. ಅದೇ ರೈಟರ್ ಕುರ್ಚಿ ಎಳೆದು, "ಕೂತ್ಕೊಳ್ಳೀಮ್ಮಾ" ಎಂದು ಬಹುವಚನಕ್ಕೆ ಬಂದರು. ಮಸ್ಟರ್ ಪುಸ್ತಕದಿಂದ ಪಟ್ಟಿ ಇಳಿಸಿಕೊಟ್ಟರು. "ನೋಡ್ಕೊಳ್ಳಿ, ಒಂದು ಹೆಸರೂ ತಪ್ಪಿಲ್ಲ." ನಾನು ಆ ಕುರ್ಚಿಯಲ್ಲಿ ಬೇಕಿದ್ದಕ್ಕಿಂತ ಹೆಚ್ಚು ಹೊತ್ತು ಕೂತಿದ್ದೆ.

ಆಮೇಲೆ ಲೈನಿನಲ್ಲಿ ಮನೆಮನೆಗೆ ಹೋಗಿ ಒಪ್ಪಿಗೆ ಪತ್ರ ಓದಿ ಹೇಳಿದೆ. ರಕ್ತ ಕೊಡಲು ಹಿಂದೇಟು ಹಾಕಿದವರಿಗೆ ಕಾಗದದಲ್ಲಿ ಇಲ್ಲದ ಮಾತನ್ನೂ ಸೇರಿಸಿದೆ. "ಪಟ್ಟೀಲಿರೋರು ಒಬ್ಬರೂ ತಪ್ಪಿಸ್ಬೇಡಿ, ತಪ್ಪಿದ್ರೆ ನನ್ನ ಡಿಗ್ರಿ ನಿಂತೋಗುತ್ತೆ." ಹೇಳಬಾರದಿತ್ತು. ಹೇಳಿದೆ.

ರಕ್ತ ತೆಗೆಯುವ ದಿನ ನಾನು ಹಳೇಬೀಡಿನ ಕ್ಯಾಂಪಿನಲ್ಲಿದ್ದೆ. ಎಸ್ಟೇಟಿಗೆ ಹೋದವರು ಹೊರಗಿನ ಟೆಕ್ನಿಷಿಯನ್‌ಗಳು. ಹೆಸರು ಕೂಗಿದರು, ಬಂದವರ ತೋಳಿಗೆ ರಬ್ಬರ್ ಪಟ್ಟಿ ಬಿಗಿದರು. ಸಂಜೆ ಫೋನ್ ಮಾಡಿ, ಪಟ್ಟಿಯಲ್ಲಿದ್ದವರೆಲ್ಲ ಬಂದಿದ್ದರು, ಇಂಥ ಜನ ಎಲ್ಲೂ ಸಿಕ್ಕಿರಲಿಲ್ಲ ಎಂದು ಹೊಗಳಿದರು. ನನಗೆ ಹೆಮ್ಮೆಯಾಯಿತು.

ಫಲಿತಾಂಶ ಬಂದ ಮೇಲೆ ಪ್ರತಿಯೊಬ್ಬರಿಗೂ ಕನ್ನಡದಲ್ಲಿ ಒಂದು ಹಾಳೆ ಕೊಟ್ಟೆವು. ಆ ಕನ್ನಡ ನನ್ನದೇ. ಅತ್ತೆಯ ಹಾಳೆಯಲ್ಲಿ "ನಿಮ್ಮ ಮೂತ್ರಪಿಂಡಗಳು ಚೆನ್ನಾಗಿ ಕೆಲಸ ಮಾಡುತ್ತಿವೆ" ಎಂದಿತ್ತು. ಅವಳು ಅದನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಪಡಿತರ ಚೀಟಿಯ ಜತೆ ಇಟ್ಟಳು.

ಏಳೆಂಟು ತಿಂಗಳ ನಂತರ ಒಂದು ಭಾನುವಾರ ಊರಿಗೆ ಹೋಗಿದ್ದೆ. ಅತ್ತೆಯ ಕಾಲು ಊದಿತ್ತು. ಬೆರಳಿಂದ ಒತ್ತಿದರೆ ಗುಳಿ ಬಿದ್ದು ಹಾಗೇ ನಿಲ್ಲುತ್ತಿತ್ತು. ಡಾಕ್ಟರಿಗೆ ತೋರಿಸಿದೆಯಾ ಎಂದು ಕೇಳಿದೆ. ನಮ್ಮ ಹಾಳೆ ಕೈಗೆ ಬಂದ ಹೊಸದರಲ್ಲೇ ತೋರಿಸಿದ್ದಳು. ಪೇಟೆಯ ಡಾಕ್ಟರು ಹಳೆ ರಿಪೋರ್ಟು ಏನಾದರೂ ಇದೆಯಾ ಎಂದು ಕೇಳಿದ್ದರಂತೆ. ಇವಳು ಕವರಿನಿಂದ ನನ್ನ ಹಾಳೆ ತೆಗೆದು ಕೊಟ್ಟಿದ್ದಾಳೆ. "ಕಿಡ್ನಿ ಚೆನ್ನಾಗಿದೆಯಲ್ಲಮ್ಮ, ವಯಸ್ಸಾಯ್ತು, ಮಂಡಿ ಸವೆದಿರಬೇಕು" ಎಂದು ಅವರು ನೋವಿನ ಮಾತ್ರೆ ಬರೆದಿದ್ದರು. ಅಷ್ಟು ತಿಂಗಳಿಂದ ಅದನ್ನೇ ನುಂಗುತ್ತಿದ್ದಳು.

ಊಟಕ್ಕೆ ಕೂತಾಗ ಅತ್ತೆಯ ಮಗಳು ನಗುತ್ತಾ ಹೇಳಿದಳು. "ಅಕ್ಕ, ನಿಮ್ಮೋರ ಸೂಜಿ ನೋಡಿ ನಂಗೆ ಕಣ್ಣು ಕತ್ಲೆ ಬಂದ್ಬಿಡ್ತು ಕಣೆ. ಬಿಸ್ಕತ್ತು ಕೊಡ್ದೆ ಇದ್ದಿದ್ರೆ ಅಲ್ಲೇ ಬಿದ್ದೋಗ್ತಿದ್ದೆ."

"ನಿನ್ನ ಹೆಸರು ಪಟ್ಟೀಲಿ ಇರಲಿಲ್ವಲ್ಲೇ. ನೀನ್ಯಾಕೆ ಕೊಟ್ಟೆ?"

"ಅವ್ವನ ಬದ್ಲಿ."

ಒಂದು ಕೊಡ ನೀರು ತಂದೆ ಎಂದಷ್ಟೇ ಹಗುರವಾಗಿ ಹೇಳಿದಳು.

ಬದಲಿ ನಮ್ಮ ಲೈನಿನ ಹಳೆಯ ಪದ್ಧತಿ. ಹುಷಾರಿಲ್ಲದವಳ ಬದಲು ಮಗಳೋ ತಂಗಿಯೋ ಸಾಲಿನಲ್ಲಿ ನಿಂತು, ಅವಳ ಹೆಸರು ಕೂಗಿದಾಗ "ಬಂದೀವ್ನಿ" ಅನ್ನುತ್ತಾಳೆ. ಮೇಸ್ತ್ರಿಗೂ ಗೊತ್ತು, ರೈಟರಿಗೂ ಗೊತ್ತು. ಸಾಲು ತುಂಬಿದ್ದರೆ ಸಾಕು, ಮುಖ ಯಾರೂ ನೋಡುವುದಿಲ್ಲ. ನಾನೇ ಹೈಸ್ಕೂಲಿನಲ್ಲಿದ್ದಾಗ ಒಂದು ಬೇಸಿಗೆ ರಜೆಯಲ್ಲಿ ಅತ್ತೆಯ ಹೆಸರಿಗೆ ಓಗೊಟ್ಟು ಹದಿನೈದು ದಿನ ಕಳೆ ತೆಗೆದಿದ್ದೇನೆ. ಅದೇ ಪುಸ್ತಕದಿಂದ ಇಳಿಸಿದ ಪಟ್ಟಿಯನ್ನು ಟೆಕ್ನಿಷಿಯನ್‌ಗಳ ಕೈಗೆ ಕೊಡುವಾಗ ಈ ಮಾತು ನನಗೆ ನೆನಪಾಗಲೇ ಇಲ್ಲ.

"ಅತ್ತೆ, ಇದು ಕೂಲಿ ಅಲ್ಲ, ರಕ್ತ!"

"ಅವತ್ತು ಕಾಲು ಊರಕ್ಕಾಗ್ತಿರ್ಲಿಲ್ಲ ಮಗಾ. ಅಷ್ಟು ದೂರ ಇಳ್ಕೊಂಡು ಹೋಗಾದು ಹೆಂಗೆ? ಒಂದೆಸ್ರು ತಪ್ಪಿದ್ರೂ ಡಿಗ್ರಿ ನಿಂತೋಯ್ತದೆ ಅಂತ ನೀನೇ ಅಂದಿದ್ದೆ. ನನ್ನಿಂದ ನಿಂತೋಗ್ಬೇಕಾ?" ತನ್ನ ಮಗಳ ಕಡೆ ನೋಡಿ, "ಅವಳ ಮೈಯಾಗಿರಾದೂ ನನ್ ರಕ್ತಾನೇ ಅಲ್ವಾ?" ಅಂದಳು.

ಮಾರನೆಯ ದಿನ ಅವಳನ್ನು ಕರೆದುಕೊಂಡು ಹೋಗಿ ರಕ್ತ ಪರೀಕ್ಷೆ ಮಾಡಿಸಿದೆ. ಲ್ಯಾಬಿನವರು ಸರಿಯಿಲ್ಲದ ಅಂಕಿಯನ್ನು ದಪ್ಪ ಅಕ್ಷರದಲ್ಲಿ ಅಚ್ಚು ಹಾಕುತ್ತಾರೆ. ಕಿಡ್ನಿ ಸೋತರೆ ಏರುವ ಕ್ರಿಯಾಟಿನಿನ್ ಎಂಬ ಸಾಲು ದಪ್ಪಗಿತ್ತು. ಅದರ ಅರ್ಥವನ್ನು ಯಾರೂ ನನಗೆ ವಿವರಿಸಬೇಕಿರಲಿಲ್ಲ. ಅದನ್ನು ಓದಲೆಂದೇ ಓದಿದವಳು ನಾನು.

ಲೈನಿನಲ್ಲಿ ವಿಚಾರಿಸಿದೆ. ಇನ್ನೂ ನಾಲ್ಕು ಜನ ಬದಲಿ ಕಳಿಸಿದ್ದರು. ಬೇರೆ ಎಸ್ಟೇಟುಗಳಲ್ಲಿ ಎಷ್ಟೋ ಗೊತ್ತಿಲ್ಲ. ಕಾಯಿಲೆ ಇದ್ದವರೇ ಹಾಗೆ ಕಳಿಸಿದವರು. ನಾವು ಯಾರನ್ನು ಹುಡುಕಿಕೊಂಡು ಹೋಗಿದ್ದೆವೋ ಅವರೇ ಮನೆಯಲ್ಲಿ ಮಲಗಿದ್ದರು. ಬಸ್ಸು ಹತ್ತಿ ನೇರ ಮೇಡಂ ಹತ್ತಿರ ಹೋದೆ. ಅವರು ನನ್ನ ಮುಖ ನೋಡಿ ನೀರಿನ ಲೋಟ ಸರಿಸಿದರು. ಎಲ್ಲವನ್ನೂ ಹೇಳಿದೆ.

"ಮೇಡಂ, ಎಲ್ಲಾ ಲೈನಿಗೂ ಮತ್ತೆ ಹೋಗಿ, ಮುಖ ನೋಡಿ ರಕ್ತ ತೆಗೀಬೇಕು. ಇಲ್ಲಾಂದ್ರೆ ನಮ್ಮ ಹಾಳೆ ಹಿಡ್ಕೊಂಡು ಇನ್ನೆಷ್ಟು ಜನ ನೋವಿನ ಮಾತ್ರೆ ನುಂಗ್ತಿದ್ದಾರೋ."

ಅವರಿಗೂ ಸಂಕಟವಾಯಿತು, ಅದು ನಾಟಕವಾಗಿರಲಿಲ್ಲ ಎಂದು ಈಗಲೂ ಅಂದುಕೊಂಡಿದ್ದೇನೆ. "ಖಂಡಿತ ಮಾಡೋಣ. ಯೋಜನೆಗೆ ಒಪ್ಪಿಗೆ ಕೊಟ್ಟ ಸಮಿತಿಗೆ ನಾನೇ ಬರೀತೀನಿ. ನೀನು ಈ ಬದಲಿ ವಿಷಯಾನ ಪ್ರಬಂಧದಲ್ಲಿ ಒಂದು ಪ್ಯಾರಾ ಬರೆದು ಮೊದಲು ಸಲ್ಲಿಸು. ಇದರಲ್ಲಿ ನಿನ್ನ ಡಿಗ್ರಿ ಸಿಕ್ಕಿಹಾಕ್ಕೋಬಾರದು. ನನ್ನ ಮೇಲೆ ನಂಬಿಕೆ ಇಲ್ವಾ?" ಅಂದರು.

ಇತ್ತು. ಪ್ಯಾರಾ ಬರೆದು ಕೊಟ್ಟೆ. ಸಲ್ಲಿಸುವ ದಿನ ಒಂದು ಕಂತೆ ಫಾರಂ ಮುಂದಿಟ್ಟು, ಎಲ್ಲೆಲ್ಲಿ ಪೆನ್ಸಿಲ್ ಗುರುತಿದೆಯೋ ಅಲ್ಲೆಲ್ಲ ಸಹಿ ಹಾಕು ಎಂದರು. ಹಾಕಿದೆ. ಓದದೆ ಮಸ್ಟರ್ ಪುಸ್ತಕಕ್ಕೆ ಹೆಬ್ಬೆಟ್ಟು ಒತ್ತುತ್ತೀಯಲ್ಲ, ಏನು ಬರೆದಿದ್ದಾರೋ ಕೇಳಬಾರದಾ ಎಂದು ಅತ್ತೆಯನ್ನು ಎಷ್ಟು ಸಲ ಬೈದಿದ್ದೆ.

ಮತ್ತೆ ರಕ್ತ ತೆಗೆಯಲು ಯಾರೂ ಹೋಗಲಿಲ್ಲ. ಕೇಳಿದಾಗಲೆಲ್ಲ ಸಮಿತಿಯ ಉತ್ತರ ಬಂದಿಲ್ಲ ಎಂದರು. ಕಾದು ಸಾಕಾಗಿ ನಾಲ್ಕು ಜನರನ್ನೂ ನಾನೇ ಕರೆದುಕೊಂಡು ಹೋಗಿ ಪರೀಕ್ಷೆ ಮಾಡಿಸಿದೆ. ಅವರು ಪಾರಾಗಿದ್ದರು. ಅದು ಅವರ ಅದೃಷ್ಟ. ನಮ್ಮ ಕೆಲಸ ಅವರನ್ನು ಕಾಯಲಿಲ್ಲ.

ಯೋಜನೆಯ ವರದಿ ಅಚ್ಚಾಗಿ ಬಂದಾಗ ಮೊದಲು ಹುಡುಕಿದ್ದು ಬದಲಿಯ ಪ್ಯಾರಾವನ್ನು. ಅದು ಇರಲಿಲ್ಲ. ಆ ಜಾಗದಲ್ಲಿ ಒಂದೇ ವಾಕ್ಯವಿತ್ತು: ರಕ್ತ ಕೊಟ್ಟ ಪ್ರತಿಯೊಬ್ಬರ ಗುರುತನ್ನೂ ಸ್ಥಳೀಯಳಾದ ಕ್ಷೇತ್ರ ಸಹಾಯಕಿ ಖುದ್ದಾಗಿ ಖಚಿತಪಡಿಸಿಕೊಂಡಿದ್ದಾರೆ. ಸ್ಥಳೀಯಳಾದ ಕ್ಷೇತ್ರ ಸಹಾಯಕಿ ಎಂದರೆ ನಾನು. ಕೊನೆಯ ಪುಟದಲ್ಲಿ ಮೂತ್ರಪಿಂಡ ಚೆನ್ನಾಗಿರುವವರ ಲೆಕ್ಕದಲ್ಲಿ ಅತ್ತೆಯೂ ಸೇರಿದ್ದಳು.

ಫೋನ್ ಮಾಡಿದೆ. "ನೀವು ಮಾತು ಕೊಟ್ಟಿದ್ರಿ ಮೇಡಂ."

"ನೋಡು, ಐದು ಜನರಿಗೋಸ್ಕರ ಅಷ್ಟು ವರ್ಷದ ಕೆಲಸ ಹಾಳಾಗುತ್ತಿತ್ತು. ನಾಳೆ ನಿಮ್ಮ ಜನರ ಬಗ್ಗೆ ಕೆಲಸ ಮಾಡೋದಕ್ಕೆ ಯಾರೂ ದುಡ್ಡು ಕೊಡಲ್ಲ. ಅದನ್ನ ಯೋಚನೆ ಮಾಡಿದೀಯಾ?"

"ಗುರುತು ನಾನು ನೋಡಲಿಲ್ಲ. ನೋಡಿದೆ ಅಂತ ಬರೆದಿದ್ದೀರಿ."

"ನಾನು ಬರೆದಿಲ್ಲಮ್ಮ. ಆ ಫಾರಂ ಕೆಳಗೆ ನಿನ್ನದೇ ಸಹಿ ಇದೆ."

ನಿಮ್ಮ ಜನ ಅಂದರು. ಮುದ್ದೆ ಉಂಡ ದಿನ ನಾವೆಲ್ಲ ಒಂದೇ ಆಗಿದ್ದೆವು. ರೈಟರ್ ನನ್ನ ಕೈಯಲ್ಲಿ ಆಗಲ್ಲ ಎಂದು ಮುಖದ ಮೇಲೆ ಹೇಳಿದ್ದರು. ಅವರ ಮೇಲೆ ನನಗೆ ಈಗ ಸಿಟ್ಟಿಲ್ಲ. ಆಗುತ್ತದೆ ಎಂದು ಬೆನ್ನು ತಟ್ಟಿದ ಆ ಕೈಯನ್ನು ಮಾತ್ರ ಕ್ಷಮಿಸಲು ಆಗುತ್ತಿಲ್ಲ. ಸಮಿತಿಗೆ ನಾನೇ ಪತ್ರ ಬರೆದೆ, ನನ್ನ ಸಹಿ ಓದದೆ ಹಾಕಿದ್ದು ಎಂದೂ ಬರೆದೆ. ಪದವಿ ಹೋದರೆ ಹೋಗಲಿ ಅಂತ ಗಟ್ಟಿ ಮನಸ್ಸು ಮಾಡಿದ್ದೆ. ಉತ್ತರ ಬರಲಿಲ್ಲ, ಪದವಿಯೂ ಹೋಗಲಿಲ್ಲ. ಘಟಿಕೋತ್ಸವಕ್ಕೆ ಕರೆ ಬಂತು.

ಹೋದೆ. ಕಪ್ಪು ಗೌನು ಹಾಕಿಕೊಂಡೆ. ವೇದಿಕೆ ಹತ್ತುವಾಗ ಎದೆ ಉಬ್ಬಲಿಲ್ಲ ಎಂದರೆ ಸುಳ್ಳಾಗುತ್ತದೆ. ಮುಂದಿನ ಸಾಲಿನಲ್ಲಿ ಮೇಡಂ ಚಪ್ಪಾಳೆ ತಟ್ಟುತ್ತಿದ್ದರು. ನಾನು ಅವರ ಕಡೆ ನೋಡದೆ ಇಳಿದೆ.

ಈಗ ನಾನು ಅರಸೀಕೆರೆಯಲ್ಲಿ ಜೀವಶಾಸ್ತ್ರ ಪಾಠ ಹೇಳುತ್ತೇನೆ. ಅತ್ತೆ ನನ್ನ ಜತೆಗಿದ್ದಾಳೆ. ವಾರಕ್ಕೆರಡು ದಿನ ಬೆಳಿಗ್ಗೆ ಡಯಾಲಿಸಿಸ್. ಇಡೀ ಆಯುಷ್ಯ ತೋಟದಲ್ಲಿ ನೀರು ಕುಡಿಯದೆ ದುಡಿದವಳಿಗೆ ಈಗ ಎದುರಿಗೇ ಕೊಳಾಯಿ ಇದೆ, ಆದರೆ ಡಾಕ್ಟರು ದಿನಕ್ಕೆ ಇಷ್ಟೇ ಲೋಟ ಎಂದು ಅಳತೆ ಹಾಕಿಕೊಟ್ಟಿದ್ದಾರೆ. ನರ್ಸು ಪ್ರತಿ ಸಲವೂ ಹೆಸರು ಕೇಳಿ, ಕೈಗೆ ಕಟ್ಟಿದ ಚೀಟಿಯಲ್ಲಿ ಹೆಸರು ನೋಡಿ, ಮುಖವನ್ನೂ ನೋಡುತ್ತಾಳೆ. "ದಿನಾ ನೋಡಿದ್ರೂ ಮತ್ತೆ ಕೇಳ್ತಾಳೆ, ಈ ಹುಡ್ಗಿಗೆ ಮರೆವು" ಎಂದು ಅತ್ತೆ ಗೊಣಗುತ್ತಾಳೆ.

ಘಟಿಕೋತ್ಸವದ ಮಾರನೆಯ ದಿನ ಪ್ರಮಾಣಪತ್ರವನ್ನು ಡಯಾಲಿಸಿಸ್ ಕೋಣೆಗೇ ತೆಗೆದುಕೊಂಡು ಹೋದೆ. ಅತ್ತೆಯ ಒಂದು ತೋಳಿಗೆ ಸೂಜಿ ಚುಚ್ಚಿದ್ದರು. ಕೆಂಪು ಕೊಳವೆಯಲ್ಲಿ ಅವಳ ರಕ್ತ ಯಂತ್ರಕ್ಕೆ ಹೋಗಿ ವಾಪಸು ಬರುತ್ತಿತ್ತು. ಬಿಡುವಾಗಿದ್ದ ಇನ್ನೊಂದು ಕೈಗೆ ಕೊಟ್ಟೆ. ಎದೆಯ ಮೇಲೆ ಇಟ್ಟುಕೊಂಡು, ಬಂಗಾರದ ಬಣ್ಣದ ಮುದ್ರೆಯನ್ನು ಹೆಬ್ಬೆರಳಿನಿಂದ ಸವರಿದಳು.

"ಇದ್ರಾಗೆ ನಿನ್ನೆಸ್ರು ಯಾವ್ದು?"

ತೋರಿಸಿದೆ. ಅಕ್ಷರಗಳ ಮೇಲೆ ಬೆರಳಿಟ್ಟು ಬಹಳ ಹೊತ್ತು ನೋಡಿದಳು. ಆಮೇಲೆ ನನ್ನ ಮುಖ ನೋಡಿದಳು.

"ಇದು ನೀನೇ ತಾನೆ ಮಗಾ? ಬದ್ಲಿ ಯಾರೂ ಅಲ್ವಲ್ಲ?"