ಬಂಡೆಯ ಮೇಲೆ ಕಾದವಳು

ರೇವತಿ ಸತ್ತ ದಿನ ನಾನು ಅವಳ ಜೊತೆಯಲ್ಲಿರಲಿಲ್ಲ. ಇದ್ದೆ ಎಂದು ಪೊಲೀಸರಿಗೆ ಹೇಳಿದೆ, ಬೀದಿಯವರಿಗೆ ಹೇಳಿದೆ, ಅವಳನ್ನು ಹೆತ್ತ ತಾಯಿಗೂ ಹೇಳಿದೆ. ಮೇಲೆ ಹತ್ತು ಎಂದರೂ ಅವಳು ನನ್ನ ಮಾತು ಕೇಳಲಿಲ್ಲ ಎಂದೆ. ಅದರಲ್ಲಿ ಒಂದು ಅಕ್ಷರವೂ ನಿಜವಲ್ಲ.

ರೇವತಿ ನನ್ನ ಚಿಕ್ಕಮ್ಮನ ಮಗಳು, ನನಗೆ ತಂಗಿ. ಕೊಯಮತ್ತೂರಿನಲ್ಲಿ ನಮ್ಮದು ನೇಯ್ಗೆಯವರ ಬೀದಿ. ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ತಮಿಳು. ಅವಳು ಪೀಳಮೇಡಿನ ಒಂದು ಆಫೀಸಿನಲ್ಲಿ ಕೆಲಸಕ್ಕಿದ್ದಳು, ನಾನು ಪಂಪು ತಯಾರಿಸುವ ಕಾರ್ಖಾನೆಯಲ್ಲಿ. ಭಾನುವಾರ ಬೆಳಕು ಹರಿಯುವ ಹೊತ್ತಿಗೆ ನನ್ನ ಬೈಕಿನಲ್ಲಿ ಪಶ್ಚಿಮದ ಬೆಟ್ಟದ ಬುಡಕ್ಕೆ ಹೋಗಿ, ಅಲ್ಲಿಯ ಕಣಿವೆಯನ್ನು ಒಂದು ಸುತ್ತು ಓಡಿ ಬರುತ್ತಿದ್ದೆವು. ಮದುವೆಯ ವಯಸ್ಸಿನ ಹುಡುಗಿ ಹೀಗೆ ಬೆಟ್ಟದಲ್ಲಿ ಓಡುವುದನ್ನು ನಮ್ಮ ಬೀದಿಯಲ್ಲಿ ಯಾರೂ ಒಪ್ಪುವುದಿಲ್ಲ. ಚಿಕ್ಕಮ್ಮ ಒಪ್ಪಿದ್ದು ನನ್ನ ಮುಖ ನೋಡಿ. "ಅಣ್ಣನ್ ಕೂಡ ತಾನೆ ಹೋಗ್ತಾಳೆ. ಅವ್ಳ ಬುಟ್ಟು ಆಕಡೆ ಈಕಡೆ ಹೋಗ್ಬ್ಯಾಡ ಸಾಮಿ" ಎಂದಿದ್ದರು. ಆಗಲಿ ಎಂದಿದ್ದೆ.

ಆ ಮಾತನ್ನು ನಾವು ಬೇಗನೇ ಮುರಿದೆವು. ಜೊತೆಯಲ್ಲಿ ಓಡಿದರೆ ನಾನು ಹಿಂದೆ ಬೀಳುತ್ತಿದ್ದೆ, ನಿಂತು ನಿಂತು ಅವಳಿಗೆ ಬೇಜಾರು. ಅವಳೇ ಒಂದು ಆಟ ಹೂಡಿದಳು — ಅವಳು ಹಳ್ಳದ ಜಾಡು ಹಿಡಿದು ಕೆಳಗಿನಿಂದ ಕಣಿವೆಯೊಳಗೆ ನುಗ್ಗುವುದು, ನಾನು ಬೆಟ್ಟದ ಏಣು ಹತ್ತಿ ಮೇಲಿನಿಂದ ಇಳಿಯುವುದು. ಅರ್ಧ ದಾರಿಯಲ್ಲಿ, ಹಳ್ಳದ ನಡುವೆ ಒಂದು ಚಪ್ಪಟೆ ಬಂಡೆ. ಅಲ್ಲಿ ಸೇರಿ, ಕೈಗೆ ಕೈ ತಟ್ಟಿ, ನಾನು ಬಂದ ದಾರಿಯಲ್ಲಿ ಅವಳು, ಅವಳು ಬಂದ ದಾರಿಯಲ್ಲಿ ನಾನು. ಮೊದಲು ಬಂದವರು ಇನ್ನೊಬ್ಬರು ಬರುವ ತನಕ ಕದಲಬಾರದು. ಎಲ್ಲಿಯಾದರೂ ಬಿದ್ದಿದ್ದರೆ ಗೊತ್ತಾಗಬೇಕಲ್ಲ — ಆ ನಿಯಮವೂ ಅವಳದೇ. ಬೀಳುವವನು ನಾನೇ ಎಂದು ಅವಳಿಗೆ ಖಾತ್ರಿಯಿತ್ತು! ಹೆಚ್ಚುಕಮ್ಮಿ ಪ್ರತಿ ಸಲವೂ ಅವಳೇ ಮೊದಲು. "ಏನಣ್ಣಾ, ಬಸ್ ಸಿಕ್ಕಿಲ್ವಾ?" ಎಂದು ಬಂಡೆಯ ಮೇಲಿಂದ ಕೂಗುತ್ತಿದ್ದಳು.

ಎಲ್ಲ ಕಾಲದಲ್ಲೂ, ತಮಿಳು ತಿಂಗಳು ಹನ್ನೆರಡರಲ್ಲೂ ಓಡಿದೆವು. ಚಿತ್ತಿರೆಯ ಬಿಸಿಲಿಗೆ ಹಳ್ಳ ಬತ್ತಿ, ಕಲ್ಲಿನ ಕಾವು ಬೂಟಿನ ಅಟ್ಟೆ ದಾಟಿ ಅಂಗಾಲಿಗೆ ತಾಗುತ್ತಿತ್ತು. ಐಪ್ಪಸಿಯ ಮಳೆ ಮುಗಿಯುವಷ್ಟರಲ್ಲಿ ಕಾಲುದಾರಿಯೇ ಹುಲ್ಲಿನಲ್ಲಿ ಮುಚ್ಚಿಹೋಗಿ, ತಡವರಿಸಿಕೊಂಡು ಇಳಿಯಬೇಕು. ಮಾರ್ಗಳಿಯ ಮಂಜಿನಲ್ಲಿ ತೀರ ಹತ್ತಿರ ಹೋಗುವ ತನಕ ಅವಳು ಕಾಣಿಸುತ್ತಿರಲಿಲ್ಲ, ಏನೋ ಗುನುಗುವುದಷ್ಟೇ ಕೇಳಿಸುತ್ತಿತ್ತು. ಅಷ್ಟು ಸಂತೋಷವಾಗಿ ನಾನು ಬೇರೆಲ್ಲೂ ಇದ್ದದ್ದಿಲ್ಲ. ಅದನ್ನು ನೆನೆಯುವ ಯೋಗ್ಯತೆ ನನಗಿದೆಯೇ — ಗೊತ್ತಿಲ್ಲ.

ಅವಳು ಸತ್ತದ್ದು ಆಡಿ ತಿಂಗಳಲ್ಲಿ, ಆಷಾಢದ ಹೊತ್ತಿಗೆ. ಆ ಭಾನುವಾರ ಬೆಟ್ಟದ ಬುಡದಲ್ಲಿ ಬರೀ ಗಾಳಿ, ಒಂದು ಹನಿ ಮಳೆಯಿಲ್ಲ. ನಾನು ಏಣಿನ ಮೇಲೆ ಬಂದಾಗ ಕಣಿವೆಯ ತಲೆಯ ಕಡೆ ಕಪ್ಪು ಕವಿದು ಸುರಿಯುತ್ತಿತ್ತು. ಕೊರಕಲಿನೊಳಗೆ ಇರುವವರಿಗೆ ಅದು ಕಾಣುವುದಿಲ್ಲ. ಮೇಲಿದ್ದ ನನಗೆ ಕಾಣುತ್ತಿತ್ತು. ಹಳ್ಳದ ನೀರು ಕೆಂಪಾಗಿ, ಎಲೆ ಕಡ್ಡಿ ಹೊತ್ತುಕೊಂಡು ಬರುತ್ತಿತ್ತು. ಅದರ ಹಿಂದೆಯೇ ನೆರೆ ನುಗ್ಗಲಿದೆ ಎಂದು ನನಗೆ ಗೊತ್ತಿತ್ತು. ರೇವತಿ ಆಗಲೇ ಬಂಡೆ ಸೇರಿರುತ್ತಾಳೆ, ನಾನು ಬರದೆ ಅಲ್ಲಿಂದ ಏಳುವುದಿಲ್ಲ — ಅದೂ ಗೊತ್ತಿತ್ತು. ಹೊತ್ತು ಇತ್ತು. ಓಡಿದ್ದರೆ — ಓಡುವುದೇನು, ಬಂಡೆ ಕಾಣುವ ತಿರುವಿನ ತನಕ ಇಳಿದು ಕೈ ಬೀಸಿದ್ದರೂ ಸಾಕಿತ್ತು. ನನ್ನನ್ನು ಕಂಡ ಕೂಡಲೇ ಅವಳು ಎದ್ದು ಬರುತ್ತಿದ್ದಳು.

ನನಗೆ ಹೆದರಿಕೆಯಾಯಿತು. ಬೇರೆ ಕಾರಣವಿಲ್ಲ. ಬಂದ ದಾರಿಯಲ್ಲೇ ತಿರುಗಿ ಓಡಿದೆ. ಯಾವತ್ತೂ ಓಡದಷ್ಟು ಜೋರಾಗಿ ಓಡಿದೆ. ಕಣಿವೆಯಲ್ಲಿ ಸದ್ದು ಎದ್ದಾಗಲೂ ಹಿಂದಕ್ಕೆ ನೋಡಲಿಲ್ಲ.

ಸಂಜೆಗೆ ಕೆಳಗಿನ ತೋಟದವರು ಅವಳನ್ನು ಹುಡುಕಿ ತಂದು ಮಲಗಿಸಿದರು. ಚಿಕ್ಕಮ್ಮ ಬಂದವರು ಅಳಲೂ ಇಲ್ಲ, ನನ್ನ ಅಂಗಿ ಹಿಡಿದು ಒಂದೇ ಮಾತು ಕೇಳಿದರು: "ನೀ ಎಲ್ಲಿದ್ದೆ?"

"ಕೂಡವೇ ಇದ್ದೆ ಚಿಕ್ಕಮ್ಮ. ಮ್ಯಾಲೆ ಹತ್ತು ಅಂದೆ. ಅವ್ಳು ಕೇಳ್ಲಿಲ್ಲ."

ನಾಲಿಗೆ ತಡವರಿಸಲೇ ಇಲ್ಲ. ಅವರು ಅಂಗಿ ಬಿಟ್ಟರು.

ಅಂದಿನಿಂದ ಚಿಕ್ಕಮ್ಮನ ದುಃಖವೆಲ್ಲ ಮಗಳ ಮೇಲಿನ ಸಿಟ್ಟಾಯಿತು. ಮೊಂಡಾಟ ಮಾಡಿ ಸತ್ತಳು ಎಂದು ಕಂಡವರ ಹತ್ತಿರವೆಲ್ಲ ಹೇಳಿಕೊಂಡರು. ವರ್ಷ ವರ್ಷವೂ ಆಡಿ ಅಮಾವಾಸ್ಯೆಗೆ ಅವಳಿಗೆ ಇಷ್ಟವಾದದ್ದನ್ನೆಲ್ಲ ಮಾಡಿ, ಫೋಟೋದ ಮುಂದೆ ಎಲೆ ಹಾಕಿ, ಬಡಿಸುತ್ತಲೇ ಬೈಯುತ್ತಾರೆ. "ಅಣ್ಣ ಯೋಳ್ದಾಗ ಕೇಳಿದ್ರೆ ಈವತ್ತು ಕೂತ್ಕಂಡು ಉಣ್ಬೋದಿತ್ತಲ್ಲಡಿ!" ಪಕ್ಕದ ಎಲೆಯಲ್ಲಿ ಕೂತು ನಾನು ಉಣ್ಣುತ್ತೇನೆ. ಮಾತು ಕೊಟ್ಟರೆ ಕದಲದ ಹುಡುಗಿ ಅವಳು. ಮಾತು ಕೇಳದವಳು ಎಂಬ ಹೆಸರನ್ನು ಅವಳಿಗೆ ಅಂಟಿಸಿದವನು ನಾನು. ಸತ್ತವಳು ಬಂದು ಇಲ್ಲ ಎನ್ನಲಾರಳು ಎಂಬ ಧೈರ್ಯ ನನಗೆ — ಛೀ.

ಈ ಅಮಾವಾಸ್ಯೆಗೆ ಹೇಳಿಬಿಟ್ಟೆ. ಚಿಕ್ಕಮ್ಮನಿಗೆ ಈಗ ಮೊಣಕಾಲು ನೋವು. ನೆಲಕ್ಕೆ ಕೈಯೂರಿ ಕೂತು ಎಲೆಗೆ ಪಾಯಸ ಬಡಿಸುತ್ತಿದ್ದರು. ಬೈಗುಳ ಶುರುವಾಗಿತ್ತು. ಕೇಳಲಾಗಲಿಲ್ಲ. ನಾವು ಬೇರೆ ಬೇರೆ ಓಡುತ್ತಿದ್ದದ್ದು, ಬಂಡೆ, ಅವಳ ನಿಯಮ, ನಾನು ಕಂಡ ಕೆಂಪು ನೀರು, ನಾನು ತಿರುಗಿ ಓಡಿದ್ದು — ಒಂದನ್ನೂ ಬಿಡದೆ ಹೇಳಿದೆ. ಅವಳು ನನಗಾಗಿ ಕಾಯುತ್ತಾ ಕೂತಿದ್ದಳು ಚಿಕ್ಕಮ್ಮ ಎಂದೆ. ಹೇಳುತ್ತಾ ಅತ್ತುಬಿಟ್ಟೆ.

ಅವರು ಸೆರಗಿಗೆ ಕೈ ಒರೆಸಿಕೊಂಡು ನನ್ನನ್ನೇ ನೋಡಿದರು. ಹೊಡೆಯುತ್ತಾರೆ ಎಂದುಕೊಂಡೆ, ಹೊಡೆಯಲಿ ಎಂದೂ ಅನ್ನಿಸಿತು. ಅವರು ನನ್ನ ತಲೆ ಸವರಿದರು.

"ಅಯ್ಯೋ ಪಾವಂ, ತಂಗಿ ಮ್ಯಾಲೆ ತಪ್ಪು ಬರ್ಬಾರ್ದು ಅಂತ ಎಲ್ಲಾ ನಿನ್ ತಲೆ ಮ್ಯಾಲೆ ಹಾಕ್ಕೊಂತೀಯ. ನಂಗೆ ತಿಳೀದಾ ನನ್ ಕಣ್ಣೇ? ನೀ ಅವ್ಳ ಬುಟ್ಟು ಓಡಿ ಬರೋವ್ನಾ?"

ಹೌದು, ಅಂಥವನೇ ನಾನು — ಅಷ್ಟು ಹೇಳಿದ್ದರೆ ಸಾಕಿತ್ತು. ಅವರು ನಂಬಲಿಲ್ಲ ಎಂದು ತಿಳಿದಾಗ ನನಗಾದದ್ದು ನೆಮ್ಮದಿ. ಆ ನೆಮ್ಮದಿಯನ್ನು ಇಲ್ಲಿ ಒಪ್ಪಿಕೊಳ್ಳಬೇಕು, ಉಳಿದದ್ದೆಲ್ಲಕ್ಕಿಂತ ಅದನ್ನೇ.

ಚಿಕ್ಕಮ್ಮ ಎಲೆಯ ಕಡೆ ತಿರುಗಿ ಮತ್ತೆ ಬೈಯತೊಡಗಿದರು, ಇಂಥ ಅಣ್ಣನ ಮಾತು ಕೇಳದೆ ಹೋದಳಲ್ಲ ಎಂದು. ನಾನು ಪಕ್ಕದ ಎಲೆಗೆ ಕೂತು ಉಂಡೆ. ಎರಡನೇ ಸಲ ಹೇಳಲಿಲ್ಲ.