ಕತ್ತರಿಯಕ್ಕ ಬಿಟ್ಟ ಅಂಚು

ನನ್ನ ತಂಗಿಗೆ ಬೀದಿಯವರು ಇಟ್ಟ ಹೆಸರು ಕತ್ತರಿಯಕ್ಕ. ಆಳು ಎದುರಿಗೆ ನಿಂತರೆ ಸಾಕು, ಟೇಪು ಹಿಡಿಯದೆ ಅಳತೆ ಹೇಳುತ್ತಾಳೆ. ನಮ್ಮ ಮನೆಯಲ್ಲಿ ಕೈ ಹಿಡಿದು ಕಲಿಸಿದವರಿಲ್ಲ. ಎಲ್ಲರೂ ನೋಡಿ ಕಲಿತವರೇ. ಅವಳ ಹೊಲಿಗೆ ಅಂಗಡಿಗೂ ನನ್ನ ಗಡಿಯಾರ ರಿಪೇರಿ ಅಂಗಡಿಗೂ ನಡುವೆ ಇರುವುದು ಒಂದೇ ಹಲಗೆ ಗೋಡೆ. ಹಾಗಾಗಿ ಇಲ್ಲಿ ಬರೆಯುವುದೆಲ್ಲ ನಾನೇ ಕಂಡದ್ದು, ಇಲ್ಲವೇ ಅವಳ ಬಾಯಿಂದಲೇ ಕೇಳಿದ್ದು.

ನಲವತ್ತೊಂದನೆಯ ವಯಸ್ಸಿನಲ್ಲಿ ಅವಳ ತಲೆಗೆ ಒಂದು ಹುಳ ಹೊಕ್ಕಿತು. ಗಿರಾಕಿಯೊಬ್ಬ ರೆಡಿಮೇಡ್ ಅಂಗಿ ತಂದು ತೋಳು ಚಿಕ್ಕದು ಮಾಡಲು ಕೊಟ್ಟಿದ್ದ. ಅವನು ಹೇಳಿದ ಬೆಲೆಗೆ ಬರೀ ಬಟ್ಟೆಯೂ ಬರುತ್ತಿರಲಿಲ್ಲ. ಇವಳು ಅಂಥದ್ದೇ ಒಂದನ್ನು ಕೊಂಡು ತಂದು, ಹೊಲಿಗೆಯನ್ನೆಲ್ಲ ಬಿಚ್ಚಿ, ಮೇಜಿನ ಮೇಲೆ ಹರವಿದಳು.

"ಅಣ್ಣಾ, ಬಟ್ಟೆಗಿಂತ ಅಂಗಿ ಅಗ್ಗ ಹೇಗಾಯ್ತು?"

"ನನ್ನ ಕೇಳ್ತೀಯಾ? ಗಡಿಯಾರ ಯಾಕೆ ನಿಂತಿತು ಅಂತ ಕೇಳು, ಹೇಳ್ತೀನಿ."

"ಹಾಗಾದ್ರೆ ಗೊತ್ತಿರೋರನ್ನೇ ಕೇಳ್ತೀನಿ" ಎಂದವಳು ಮರುದಿನವೇ ಸಂಜೆ ಕಾಲೇಜಿನ ಮೆಟ್ಟಿಲು ಹತ್ತಿದಳು. ಹನ್ನೆರಡನೆಯ ತರಗತಿ ಮದುವೆಗೆ ಮುಂಚೆಯೇ ಪಾಸಾಗಿತ್ತು.

ಅಂಗಿಯ ಬೆಲೆಯ ಪ್ರಶ್ನೆ ಕೇಳಿಸಿಕೊಂಡ ಕಿಟಕಿಯೊಳಗಿನ ಗುಮಾಸ್ತ ಒಂದೇ ಉಸಿರಿಗೆ ಒದರಿದ: "ಅದು ಅರ್ಥಶಾಸ್ತ್ರ. ಮೇಜರ್, ಅಂದ್ರೆ ಮುಖ್ಯ ವಿಷಯವಾಗಿ ಬೇಕಂದ್ರೆ ಹನ್ನೊಂದು ಪೇಪರ್, ಸಂಖ್ಯಾಶಾಸ್ತ್ರ ಬೇರೆ, ಕೊನೇ ವರ್ಷ ಒಂದು ಪ್ರಬಂಧ. ಮೊದಲನೇ ವರ್ಷ ಗಣಿತದಲ್ಲಿ ಅರವತ್ತು ಬರ್ಲೇಬೇಕು. ಬರದಿದ್ರೆ ಮೇಜರ್ ಬಾಗಿಲು ಮುಚ್ಚಿತು ಅನ್ನಿ. ಮೈನರ್ ಅಂದ್ರೆ ಉಪವಿಷಯ, ಅದಕ್ಕೆ ಐದೇ ಪೇಪರ್, ಗಣಿತದ ತಂಟೆ ಇಲ್ಲ. ಸುಮ್ನೆ ಅದನ್ನೇ ತಗೊಳ್ಳಿ ಅಕ್ಕಾ."

"ಆ ಐದರಲ್ಲಿ ನನ್ನ ಅಂಗಿ ವಿಷಯ ಬರುತ್ತಾ?"

ಅವನು ಪಟ್ಟಿ ನೋಡಿದ. "ಕಾರ್ಖಾನೆ, ಕೂಲಿ, ವಿದೇಶಿ ವ್ಯಾಪಾರ ಎಲ್ಲಾ ಮೇಜರ್‌ನಲ್ಲೇ ಇರೋದು."

"ಮತ್ತೆ? ಒಂದೇ ತೋಳಿನ ಅಂಗಿ ಹಾಕ್ಕೊಂಡು ಓಡಾಡು ಅಂತೀಯಾ?"

ಗಣಿತ ಕಬ್ಬಿಣದ ಕಡಲೆಯೇ. ಆದರೂ ವರ್ಷವಿಡೀ ಅಗಿದಳು. ಪರೀಕ್ಷೆಯಲ್ಲಿ ಬಂದದ್ದು ಐವತ್ತೆರಡು. ಆ ದಿನ ಹಲಗೆಯಾಚೆ ಹೊಲಿಗೆ ಯಂತ್ರದ ಸದ್ದೇ ಇರಲಿಲ್ಲ.

ಮಾರನೆಯ ಸಂಜೆ ಕಾಲೇಜಿನಲ್ಲಿ ಗಣಿತದ ಮೇಡಂ ಉತ್ತರಪತ್ರಿಕೆ ಮುಂದಿಟ್ಟು ಕೇಳಿದರು: "ಗ್ರಾಫ್‌ಗಳ ಆಕಾರ ಎಲ್ಲಾ ಸರಿ. ಆದ್ರೆ ಒಂದೊಂದೂ ಇರಬೇಕಾದ ಜಾಗಕ್ಕಿಂತ ಅರ್ಧ ಬೆರಳು ಹೊರಗೆ. ಯಾಕಮ್ಮಾ?"

"ಹೊಲಿಗೆಗೆ ಅಂತ ಅಂಚು ಬಿಟ್ಟಿದ್ದು ಮೇಡಂ. ಬಿಡದಿದ್ರೆ ಆಮೇಲೆ ಬಿಗಿಯಾಗುತ್ತಲ್ಲಾ?"

ಇಪ್ಪತ್ತು ವರ್ಷ ಬಟ್ಟೆಯ ಮೇಲೆ ಗೆರೆ ಎಳೆದ ಕೈ. ಪೆನ್ಸಿಲ್ ಹಿಡಿದರೂ ಸೀಮೆಸುಣ್ಣದ ಬುದ್ಧಿಯನ್ನೇ ತೋರಿಸಿತ್ತು. ಮೇಡಂ ಕನ್ನಡಕ ತೆಗೆದಿಟ್ಟು ನಕ್ಕರು. ಆಮೇಲೆ ಒಂದು ಬಾಗಿದ ಗೆರೆ ಬರೆದು, ಅದರಲ್ಲಿ ಚುಕ್ಕಿಯಿಟ್ಟು, "ಇಲ್ಲಿ ಇಳಿಜಾರು ಅಂದ್ರೇನು?" ಎಂದರು.

ಇವಳು ತನ್ನ ಚೀಲದಿಂದ ಕತ್ತರಿ ತೆಗೆದಳು. "ಕಂಕುಳ ಸುತ್ತು ಕತ್ತರಿಸೋವಾಗ ಕತ್ತರಿ ತಿರುಗ್ತಾ ತಿರುಗ್ತಾ ಹೋಗುತ್ತೆ. ಈ ಚುಕ್ಕೀಲಿ ಕೈ ನಿಲ್ಲಿಸಿದ್ರೆ ಅದರ ಮೂತಿ ಎತ್ತ ನೋಡ್ತಿರುತ್ತೋ, ಅದೇ ಇಲ್ಲಿನ ಇಳಿಜಾರು."

ಮೇಡಂ ಉತ್ತರಪತ್ರಿಕೆ ಮಡಚಿಟ್ಟರು. "ಇದನ್ನೇ ನಾನು ಬೋರ್ಡ್ ತುಂಬಾ ಬರ್ದು ಹೇಳ್ತೀನಿ. ನೋಡಿ, ಅಂಕ ತಿದ್ದೋಕೆ ಬರಲ್ಲ. ಮರುಪರೀಕ್ಷೆ ಒಂದೇ ಸಲ ಇರೋದು. ಅಂಚು ಬಿಡದೆ ಬನ್ನಿ."

ಆರು ವಾರ ಅವಳು ಚುಕ್ಕಿಯ ಮೇಲೇ ಗೆರೆ ಹಾಯಿಸುವುದನ್ನು ಕೈಗೆ ಕಲಿಸಿದಳು. ಅತ್ತ ಗ್ರಾಫ್ ಸರಿಹೋಯಿತು, ಇತ್ತ ಮೂವರು ಗಿರಾಕಿಗಳ ಅಂಗಿ ಬಿಗಿಯಾಯಿತು.

"ಅಕ್ಕಾ, ಉಸಿರೇ ಆಡ್ತಿಲ್ಲ!" ಎಂದ ಒಬ್ಬ.

"ಪರೀಕ್ಷೆ ಮುಗಿಯೋವರೆಗೂ ಸ್ವಲ್ಪ ಹಿಡ್ಕೊಳ್ಳಪ್ಪಾ, ಆಮೇಲೆ ಹೊಸದೇ ಹೊಲಿದುಕೊಡ್ತೀನಿ!"

ಎಪ್ಪತ್ತೆಂಟು ಬಂತು. ಫಾರಂ ತುಂಬುವ ದಿನ ನಾನೂ ಅಂಗಡಿ ಮುಚ್ಚಿ ಜೊತೆಗೆ ಹೋದೆ. ಮೇಜರ್ ಎಂದಿದ್ದ ಚೌಕದಲ್ಲಿ ಅವಳು ಎಳೆದ ಗುರುತು ಕೂದಲೆಳೆಯಷ್ಟೂ ಹೊರಗೆ ಹೋಗಲಿಲ್ಲ.

ಗುಮಾಸ್ತ ಮೊಹರು ಒತ್ತಿ ಹೇಳಿದ: "ಪ್ರಬಂಧದ ವಿಷಯ ಈಗಿಂದಲೇ ಹುಡುಕ್ಕೊಳ್ಳಿ ಅಕ್ಕಾ. ಎಲ್ಲರೂ ತಿಣುಕಾಡೋದು ಅಲ್ಲೇ."

ಅವಳು ಚೀಲದಿಂದ ಆ ಬಿಚ್ಚಿದ ಅಂಗಿಯನ್ನು ತೆಗೆದಳು. ಎರಡು ತೋಳು, ಬೆನ್ನು, ಎದೆಯ ಎರಡು ಪಾಲು, ಕಾಲರ್ ಎಲ್ಲವನ್ನೂ ಒಂದೊಂದಾಗಿ ಕಿಟಕಿಯ ಕಟ್ಟೆಯ ಮೇಲಿಟ್ಟಳು.

"ಹುಡುಕೋದೇನು ಬಂತು ತಮ್ಮಾ? ತಂದೇ ಬಂದಿದ್ದೀನಿ. ಬರ್ಕೋ."