ಕೈಗೆ ಅಪ್ಪಣೆ ಕೊಡುವ ಜಾಗ

ಬೆಳಿಗ್ಗೆ ಬೀರು ತೆರೆದಾಗ ನನ್ನ ತಲೆಯ ಸ್ಕ್ಯಾನ್ ಫಿಲ್ಮು ಜಾರಿ ಕಾಲ ಮೇಲೆ ಬಿತ್ತು. ಅದನ್ನು ಬೆಳಕಿಗೆ ಹಿಡಿದು ನೋಡುವ ಧೈರ್ಯ ಇವತ್ತಿಗೂ ಬಂದಿಲ್ಲ. ತಮ್ಮ ತಲೆಯೊಳಗನ್ನು ನೋಡಿ ನೆಮ್ಮದಿಯಾಗಿದ್ದವರು ನಿಮಗೆ ಯಾರಾದರೂ ಗೊತ್ತೇ?

ನಾನು ದೇವರಾಜ ಮೊಹಲ್ಲಾದ ಹೂವಿನ ವ್ಯಾಪಾರಿ. ಮೂವತ್ತು ವರ್ಷ ಮಲ್ಲಿಗೆ ಕಟ್ಟಿದ ಬೆರಳುಗಳು ನನ್ನವು. ಹರಟೆ ಹೊಡೆಯುತ್ತಿದ್ದರೂ, ಜಗಳ ಕಾಯುತ್ತಿದ್ದರೂ ತಮ್ಮಷ್ಟಕ್ಕೆ ತಾವು ಕಟ್ಟುತ್ತಿದ್ದವು. ಮೂರು ವರ್ಷದ ಹಿಂದೆ ಒಂದು ಮಧ್ಯಾಹ್ನ ಬಲಗೈ ತಾನಾಗಿ ಮೇಲೆದ್ದಿತು, ಕತ್ತು ಅದರತ್ತ ತಿರುಗಿತು. "ಯಾರಿಗೋ ಸಲಾಮು?" ಎಂದು ಪಕ್ಕದಂಗಡಿಯ ಕರೀಗೌಡ ನಕ್ಕ. ನಾನೂ ನಕ್ಕೆ. ಮೂರನೆಯ ಸಲ ಕೈ ಎದ್ದಾಗ ಇಬ್ಬರೂ ನಗಲಿಲ್ಲ.

ಸ್ಕ್ಯಾನ್ ಮಾಡಿಸಿದರೆ ತಲೆಯಲ್ಲಿ ನಿಂಬೆಕಾಯಿಯಷ್ಟು ಗೆಡ್ಡೆ. ಆಪರೇಶನ್ ಮಾಡುವ ಡಾಕ್ಟರಮ್ಮ ನನಗೂ ಹೆಂಡತಿ ಸಾವಿತ್ರಿಗೂ ಕಾಗದದ ಮೇಲೆ ಗೀಚಿ ತೋರಿಸಿದರು. "ಕೈ ಆಡ್ಸೋ ಜಾಗ ಬೇರೆ ಕಣ್ರೀ. ಅದರ ಮುಂದೆ, ಯಾವುದಾದ್ಮೇಲೆ ಯಾವುದು ಮಾಡ್ಬೇಕು ಅಂತ ಸಿದ್ಧ ಮಾಡೋ ಜಾಗ. ಗೆಡ್ಡೆ ಕೂತಿರೋದು ಅಲ್ಲಿ. ಅದರಲ್ಲೂ ಭಾಗಗಳಿವೆ, ಎಲ್ಲೆ ಒಬ್ಬೊಬ್ಬರಿಗೆ ಒಂದೊಂದು ಥರ. ಆಪರೇಶನ್ ಮಾಡೋವಾಗ ನೀವು ಎಚ್ಚರವಾಗಿರ್ಬೇಕು, ನಾನು ಸಣ್ಣಗೆ ಕರೆಂಟ್ ಮುಟ್ಟಿಸಿ ಗುರುತು ಮಾಡ್ಕೋತೀನಿ." ಆಪರೇಶನ್ ಆದ ಮೇಲೆ ಕೆಲವು ವಾರ ಮಾತು, ಕೈ ನಿಲ್ಲಬಹುದು ಎಂದೂ ಹೇಳಿದರು. ಸಾವಿತ್ರಿ ಅಲ್ಲೇ ಅತ್ತುಬಿಟ್ಟಳು.

ಮೇಜಿನ ಮೇಲೆ ತಲೆಗೆ ಬಿಗಿದ ಚೌಕಟ್ಟು. "ಹೂ ಕಟ್ಟೋ ಹಾಗೆ ಬೆರಳಾಡಿಸ್ತಾ ಇರಿ" ಎಂದರು. ಇಲ್ಲದ ದಾರವನ್ನು ಸುತ್ತತೊಡಗಿದೆ. ಡಾಕ್ಟರಮ್ಮ ಮಿದುಳಿನ ಒಂದು ಕಡೆ ತಂತಿ ಮುಟ್ಟಿಸಿದಾಗ ಹೆಬ್ಬೆರಳು ಅದುರಿತು. ಇನ್ನೊಂದು ಕಡೆ ಮುಟ್ಟಿದಾಗ ಬೆರಳುಗಳು ನಿಂತವು; ಗಂಟು ಹಾಕಿದ ಮೇಲೆ ಮುಂದೇನು ಎಂಬುದೇ ಅಳಿಸಿಹೋಯಿತು. ಮತ್ತೊಂದು ಕಡೆ ಮುಟ್ಟಿದಾಗ ಕೈ ಎತ್ತಬೇಕೆಂಬ ಆಸೆ ಉಕ್ಕಿತು, ಕೈ ಮಾತ್ರ ಅಲ್ಲಾಡಲಿಲ್ಲ.

"ಕೈ ಎತ್ಬೇಕು ಅನ್ನಿಸ್ತಿದೆ ಡಾಕ್ಟ್ರೇ."

"ಅನ್ನಿಸಿದ್ದು ನಾನು ಕಣ್ರೀ."

ನನ್ನ ಜೀವಮಾನದಲ್ಲಿ ಅಷ್ಟು ಹೆದರಿದ್ದೇ ಇಲ್ಲ. ನನ್ನ ಆಸೆಯನ್ನು ಇನ್ನೊಬ್ಬರು ತಂತಿಯ ತುದಿಯಿಂದ ಹುಟ್ಟಿಸಬಹುದಾದರೆ, ಇಷ್ಟು ವರ್ಷ ಆಸೆಪಟ್ಟವನು ಯಾರು?

ಮರುದಿನ ಮಾತು ಹೋಗಿತ್ತು, ಬಲಗೈ ಮರದ ಕೊರಡಾಗಿತ್ತು. ಕೈ ಎತ್ತಿ ಎಂದರೆ ಕೇಳಿಸುತ್ತಿತ್ತು, ಅರ್ಥವಾಗುತ್ತಿತ್ತು. ಅಲ್ಲಿಂದ ಮುಂದಕ್ಕೆ ದಾರಿಯೇ ಇರಲಿಲ್ಲ. "ಏನಾದ್ರೂ ಅನ್ರೀ, ಬೈದ್ರೂ ಸರಿ" ಎನ್ನುತ್ತಿದ್ದಳು ಸಾವಿತ್ರಿ. ಮನೆಯಲ್ಲಿ ಬಾಯಿ ಮುಚ್ಚಿ ಎಂದು ದಿನಕ್ಕೆ ಹತ್ತು ಸಲ ಹೇಳಿಸಿಕೊಂಡಿದ್ದ ನಾನು ಅವಳನ್ನು ಸುಮ್ಮನೆ ನೋಡುತ್ತಿದ್ದೆ. ಡಾಕ್ಟರಮ್ಮ ಹೇಳಿದ ವಾರಗಳ ಲೆಕ್ಕ ತಪ್ಪಿದರೆ ಉಳಿದ ಆಯುಸ್ಸೆಲ್ಲ ಹೀಗೆಯೇ ನೋಡುತ್ತಿರಬೇಕು.

ಹನ್ನೊಂದನೆಯ ದಿನ ಮಂಚದ ಅಂಚಿನಲ್ಲಿಟ್ಟ ಕಾಫಿ ಲೋಟ ಜಾರಿತು. ಬಲಗೈ ಚಂಗನೆ ಹೋಗಿ ಹಿಡಿಯಿತು.

"ಹಿಡ್ಕೊಂಡ್ಬುಟ್ರಿ!" ಎಂದು ಸಾವಿತ್ರಿ ಕಿರುಚಿದಳು. ನಾನು ಬೇರೆ ಯಾರದೋ ಕೈ ನೋಡುವವನಂತೆ ನೋಡಿದೆ. ಹೊರಗಿನದು ಕರೆದರೆ ಏಳುವ ದಾರಿ ಬೇರೆ, ನಾವಾಗಿ ಶುರುಮಾಡುವ ದಾರಿ ಬೇರೆ, ಎರಡನೆಯದೂ ತೆರೆದುಕೊಳ್ಳುತ್ತದೆ ಎಂದರು ಡಾಕ್ಟರಮ್ಮ. ತಿಂಗಳೊಳಗೆ ಮಾತು ಬಂತು, ಬೆರಳುಗಳೂ ಬಂದವು, ಕೊಂಚ ನಿಧಾನವಾಗಿ.

ಇವತ್ತು ಮತ್ತೆ ತಪಾಸಣೆ; ಫಿಲ್ಮು ಹಿಡಿದು ಮಂಚದ ಮೇಲೆ ಕೂತಿದ್ದೇನೆ. "ಆಟೋ ಬಂತು, ಏಳ್ರೀ" ಎಂದು ಬಾಗಿಲಿನಿಂದ ಸಾವಿತ್ರಿ ಕೂಗುತ್ತಾಳೆ. ಅವಳು ಕೂಗಿದ್ದಕ್ಕೆ ಎದ್ದರೆ ನನಗೆ ಸಮಾಧಾನವಿಲ್ಲ. "ಒಂದ್ನಿಮಿಷ ಸುಮ್ನಿರು ಕಣೇ" ಎನ್ನುತ್ತೇನೆ. ನಾನಾಗಿ ಏಳಬೇಕು ಎಂದುಕೊಂಡು, ಕಾಲಿಗಾಗಿ ಕಾಯುತ್ತೇನೆ.